ಅಪ್‌ಡೇಟ್: ಹಳೆಯ ಮೇನ್‌ಫ್ರೇಮ್‌ಗೆ ಬಾಟ್ ಕೊನೆಗೂ ಹೊಂದಿಕೊಂಡಿತು
ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿರುವ ನಮ್ಮ ಹಳೆಯ ಕೋಬಾಲ್ (ಹಳೆಯ ಪ್ರೋಗ್ರಾಮಿಂಗ್ ಭಾಷೆ) ವ್ಯವಸ್ಥೆಯ ಪರದೆ ಓದಿ ಇನ್‌ವಾಯ್ಸ್ ಎತ್ತಿಕೊಳ್ಳುವ ಬಾಟ್ (ತಾನಾಗಿಯೇ ಕೆಲಸ ಮಾಡುವ ಪ್ರೋಗ್ರಾಂ) ಮಧ್ಯದಲ್ಲೇ ನಿಂತುಬಿಡುತ್ತದೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಈಗ ಸರಿಹೋಗಿದೆ.

ಮೊದಲು, ಪರದೆಗಾಗಿ ಬಾಟ್ ಕಾಯುವ ಸಮಯ ಹೆಚ್ಚಿಸಿ ನೋಡಿದೆ. ಬಾಟ್ ನಿಧಾನವಾಯಿತೇ ಹೊರತು ಅದಕ್ಕೆ ಬುದ್ಧಿ ಬರಲಿಲ್ಲ. ಫಲಿಸಿದ್ದು, ಪರದೆಯ ಗೊಡವೆ ಬಿಟ್ಟು ರಾತ್ರಿಯ ಬ್ಯಾಚ್ (ಒಟ್ಟಾಗಿ ತಾನೇ ಓಡುವ ಕೆಲಸಗಳು) ಬರೆದಿಡುವ ಫೈಲನ್ನೇ ಓದಿ ಎಂದವರ ಸಲಹೆ. ಅವರಿಗೆ ದೊಡ್ಡ ನಮಸ್ಕಾರ.

ಅಚ್ಚರಿ ಕಾದಿದ್ದು ಆ ಫೈಲಿನಲ್ಲಿ. ಮೊತ್ತದ ಜಾಗದಲ್ಲಿ ‘12ಜೆ’ ಎಂದಿತ್ತು! ಫೈಲು ಕೆಟ್ಟಿದೆ ಎಂದುಕೊಂಡು ಅರ್ಧ ದಿನ ತಲೆ ಕೆರೆದುಕೊಂಡೆ. ಮೇನ್‌ಫ್ರೇಮ್‌ಗಳು ಅಕ್ಷರಗಳಿಗೆ ಬಳಸುವ ಎಬ್ಸಿಡಿಕ್ ಸಂಕೇತದಲ್ಲಿ, ಸಂಖ್ಯೆ ಬರೆಯುವ ಝೋನ್ಡ್ ಡೆಸಿಮಲ್ ಪದ್ಧತಿಯಲ್ಲಿ ಋಣ ಚಿಹ್ನೆ ಕೊನೆಯ ಅಂಕಿಯೊಳಗೇ ಅಡಗಿರುತ್ತದೆಯಂತೆ. ‘ಜೆ’ ಎಂದರೆ ಋಣದ 1. ಅಂದರೆ ಮೊತ್ತ -121. ಹಣ ಹಿಂದಿರುಗಿಸಿದ ಸಾಲುಗಳೆಲ್ಲ ಹೀಗೆಯೇ ಇದ್ದವು. ಪುಟ್ಟ ಪರಿವರ್ತನಾ ಕೋಷ್ಟಕ ಬರೆದ ಮೇಲೆ ನಾಲ್ಕು ರಾತ್ರಿಗಳಿಂದ ಬಾಟ್ ತಕರಾರಿಲ್ಲದೆ ಓಡುತ್ತಿದೆ.