ಸಹಾಯ ಬೇಕು: ನಾಟಿ ಕೋಳಿಯ ತೂಕ ಹೆಚ್ಚಬೇಕು, ಬಣ್ಣ ಹೋಗಬಾರದು

ಎಲ್ಲರಿಗೂ ನಮಸ್ಕಾರ. ಹಿತ್ತಲಲ್ಲಿ ನಾಟಿ ಕೋಳಿ ಸಾಕುತ್ತಿದ್ದೇನೆ. ರುಚಿಗೆ ಎರಡು ಮಾತಿಲ್ಲ, ತೂಕವೇ ಬರುವುದಿಲ್ಲ. ಅದಕ್ಕೆ ಬ್ರಾಯ್ಲರ್ ಮರಿಯೊಂದನ್ನು ಮಿತವಾಗಿ ಮೇವು ಕೊಟ್ಟು ಹುಂಜ ಮಾಡಿ, ಕೆಂಪು, ಕಪ್ಪು ಹೇಂಟೆಗಳ ಜೊತೆ ಬಿಟ್ಟೆ.

ಮರಿಗಳೆಲ್ಲ ಬಿಳಿ! ಕೆಲವಕ್ಕೆ ಬೆನ್ನ ಮೇಲೆ ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ, ಹುಂಜಗಳ ಹೆಗಲಲ್ಲಿ ತೆಳು ಕೆಂಪು. ಪ್ರಬಲ ಬಿಳಿ ಜೀನ್ (ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು, ಮರಿ ಬಿಳಿ ಆಗುತ್ತದೆ) ಕಪ್ಪನ್ನು ಚೆನ್ನಾಗಿ ಮುಚ್ಚುತ್ತದೆ, ಕೆಂಪನ್ನು ಅಷ್ಟಾಗಿ ಮುಚ್ಚುವುದಿಲ್ಲ. ಹಾಗಾಗಿ ಇದು ಅದೇ ಇರಬೇಕು. ಮೈಕಟ್ಟು ಮಾತ್ರ ಜೋರಾಗಿದೆ. ಆದರೆ ಬಿಳಿ ಕಂಡ ಕೂಡಲೇ ಗಿರಾಕಿಗಳು "ಇದು ಫಾರಂ ಕೋಳಿ ಅಲ್ವಾ?" ಅಂತಾರೆ. ಊರ ಹಬ್ಬಕ್ಕಂತೂ ಕೆಂಪು ಹುಂಜವೇ ಬೇಕು.

ಆಮೇಲೆ ಮಿಶ್ರ ಹುಂಜವನ್ನು ಮತ್ತೆ ಕೆಂಪು ನಾಟಿ ಹೇಂಟೆಗಳಿಗೆ ಬಿಟ್ಟೆ. ಹೆಚ್ಚುಕಮ್ಮಿ ಅರ್ಧ ಮರಿಗಳು ಬಣ್ಣದವು ಬಂದವು. ಅವುಗಳಲ್ಲಿ ಆ ಬಿಳಿ ಜೀನ್ ಉಳಿದಿರುವುದಿಲ್ಲ, ಅದು ಗೊತ್ತು. ಆದರೆ ಮುಕ್ಕಾಲು ಪಾಲು ನಾಟಿ ರಕ್ತ ಆಯ್ತಲ್ಲ, ತೂಕ ಮತ್ತೆ ಇಳಿದಿದೆ. ಹಿತ್ತಲಲ್ಲಿ ಸಾಕಲೆಂದೇ ಬೆಳೆಸಿದ, ಚೆನ್ನಾಗಿ ತೂಕ ಬರುವ ಬಣ್ಣದ ತಳಿ ಗಿರಿರಾಜ ತನ್ನಿ ಅಂತಾರೆ ಕೆಲವರು. ಅದರ ಹೇಂಟೆಗಳು ಕಾವಿಗೆ ಕೂರದೆ ಹೋದರೆ ಸುಮ್ನೆ ಇನ್ನೊಂದು ತಲೆನೋವು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ: ಈ ಬಣ್ಣದ ಮರಿಗಳಲ್ಲೇ ದೊಡ್ಡವನ್ನು ಆರಿಸಿ ಮುಂದುವರಿಯಲೇ? ಅಥವಾ ಮೊದಲ ತಲೆಮಾರಿನ ಬಿಳಿ ಹುಂಜ, ಬಿಳಿ ಹೇಂಟೆಗಳನ್ನೇ ಕೂಡಿಸಿ, ನಾಲ್ಕಕ್ಕೆ ಒಂದರಂತೆ ಬರುವ ಬಣ್ಣದ ಮರಿಗಳನ್ನು ಇಟ್ಟುಕೊಳ್ಳಲೇ? ತೂಕ ಯಾವುದರಲ್ಲಿ ಜಾಸ್ತಿ ಉಳಿಯುತ್ತದೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.