ಮಾರುತಿ 800ರ ಹಿಂದೆ ಇ-ರಿಕ್ಷಾ ಆಕ್ಸಲ್: ಆಫ್ ಮಾಡಿಟ್ಟ ಕಂಟ್ರೋಲರ್ ಸುಟ್ಟಿದ್ದು ಹೇಗೆ?

ಅರ್ಧ_ಕ್ಲಚ್:

ನಗೋರು ಮೊದಲು ನಕ್ಕು ಮುಗಿಸಿ, ಆಮೇಲೆ ಉತ್ತರ ಕೊಡಿ.

ಗಾಡಿ ಕಾರ್ಬುರೇಟರ್ ಮಾರುತಿ 800. ಮುಂದೆ ಕಂಪನಿ ಎಂಜಿನ್ನು, ಗೇರ್‌ಬಾಕ್ಸು ಹಾಗೇ ಇವೆ. ಹಿಂದಿನ ಆಕ್ಸಲ್ ಕಿತ್ತು ಇ-ರಿಕ್ಷಾದ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗಕ್ಕೆ ತಿರುಗಲು ಬಿಡುವ ಗೇರು) ಆಕ್ಸಲ್ ಕೂರಿಸಿದ್ದಾರೆ. ಅದಕ್ಕೆ 48 ವೋಲ್ಟ್, 1,000 ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ, ಮ್ಯಾಗ್ನೆಟ್ ಇರುವ) ಮೋಟರ್, ಪ್ಲೇಟಿನ ಮೇಲೆ 3,000 ಆರ್‌ಪಿಎಂ ಅಂತಿದೆ. ಗೇರ್ ಅನುಪಾತ 10:1. ಡಿಕ್ಕಿಯಲ್ಲಿ 100 ಆಂಪಿಯರ್-ಅವರ್‌ನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ, 63 ಆಂಪಿಯರಿನ ಒಂದು ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು). ಊರೊಳಗೆ ಕರೆಂಟು, ಹೈವೇಗೆ ಪೆಟ್ರೋಲು ಅನ್ನೋದು ಲೆಕ್ಕಾಚಾರ.

ಕರೆಂಟಿನಲ್ಲಿ 25ರ ಸುಮಾರಿಗೆ ಓಡುತ್ತದೆ. ಪೆಟ್ರೋಲಿನಲ್ಲಿ 30 ದಾಟಿದರೆ ಯಾರೋ ಹಿಂದಿನಿಂದ ಸೆರಗು ಹಿಡಿದೆಳೆದಂತೆ ಬಿಗಿ. ಅದಕ್ಕೆ ಎಂಸಿಬಿ ಆಫ್ ಮಾಡಿ ಓಡಿಸಿದ್ದಾರೆ. ಬಿಗಿ ಹೋಯಿತು, ಆದರೆ 55ರಲ್ಲಿ ಡಿಕ್ಕಿಯಿಂದ ಪಟ್ ಅಂತ ಸದ್ದು, ಹಿಂದೆಯೇ ವಾಸನೆ. ಬಿಚ್ಚಿದರೆ ಮೋಟರಿಗೆ ಕರೆಂಟು ಹದಮಾಡಿ ಕೊಡುವ ಕಂಟ್ರೋಲರ್ ಒಳಗಿನ ಕೆಪಾಸಿಟರ್‌ಗಳ ತಲೆ ಒಡೆದಿದೆ. ಅವು ತಡೆಯುವ ಮಿತಿ 63 ವೋಲ್ಟ್ ಅಂತ ಮೇಲೆ ಬರೆದಿದೆ. ಎರಡನೇ ಕಂಟ್ರೋಲರಿಗೂ ಇದೇ ಗತಿ. ಬ್ಯಾಟರಿ ಸಂಪರ್ಕವೇ ಇಲ್ಲದ ಪೆಟ್ಟಿಗೆ ಸುಡೋದು ಹೇಗೆ?

ಮೂರನೇ_ಫೇಸ್:

ಆಫ್ ಮಾಡಿದ್ದಕ್ಕೇ ಸುಟ್ಟಿದ್ದು.

ಚಕ್ರ ತಿರುಗಿದರೆ ಮೋಟರೂ ತಿರುಗುತ್ತದೆ, ಮಧ್ಯೆ ಕ್ಲಚ್ ಇಲ್ಲ. ಮ್ಯಾಗ್ನೆಟ್ ಇರುವ ಮೋಟರ್ ತಿರುಗಿದರೆ ಅದು ಜನರೇಟರ್, ಕೀಲಿ ಎಲ್ಲಿದೆ ಅಂತ ಕೇಳುವುದಿಲ್ಲ. 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್. ಗಂಟೆಗೆ 60 ಕಿಮೀ ಅಂದರೆ ಚಕ್ರ ನಿಮಿಷಕ್ಕೆ 627 ಸುತ್ತು, ಮೋಟರ್ 6,270 ಸುತ್ತು. 48 ವೋಲ್ಟಿಗೆ 3,000 ಸುತ್ತುವ ಮೋಟರನ್ನು 6,270ಕ್ಕೆ ತಿರುಗಿಸಿದರೆ ಹೊರಬರೋದು ನೂರು ವೋಲ್ಟು.

ಕಂಟ್ರೋಲರಿನ ಪ್ರತಿ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್ಚು) ಒಳಗೂ ಹುಟ್ಟಿನಿಂದಲೇ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು, ಇರುತ್ತದೆ. ಆರು ಜಾಗದ ಮಾಸ್‌ಫೆಟ್ ಸೇರಿದರೆ ಮೂರು ಫೇಸಿನ ಬ್ರಿಡ್ಜ್ (ಮೋಟರಿನ ಮೂರು ವೈರಿನ ಎಸಿಯನ್ನು ಡಿಸಿ ಮಾಡುವ ಜೋಡಣೆ) ಆಯಿತು, ಎಂಜಿನ್ನಿನ ಆಲ್ಟರ್ನೇಟರ್ ಒಳಗೆ ಇರುವಂಥದ್ದೇ. ಸ್ವಿಚ್ ಇರಲಿ ಬಿಡಲಿ, ಮೋಟರಿನ ವೋಲ್ಟೇಜು ಇದರ ಮೂಲಕ ಹಾದು ಡಿಸಿ ಕಡೆಗೆ ಬಂದೇ ಬರುತ್ತದೆ.

ಎಂಸಿಬಿ ಆನ್ ಇದ್ದಾಗ ಬ್ಯಾಟರಿ ಆ ವೋಲ್ಟೇಜನ್ನು 51ರ ಆಸುಪಾಸು ಕಟ್ಟಿಹಾಕುತ್ತದೆ. ಮೋಟರಿನ ವೋಲ್ಟೇಜು ಅದನ್ನು ಮೀರುವುದು ಸರಿಸುಮಾರು 30 ಕಿಮೀ ವೇಗದಲ್ಲಿ. ಅಲ್ಲಿಂದ ಮುಂದೆ ಕರೆಂಟು ಬ್ಯಾಟರಿಗೆ ನುಗ್ಗುತ್ತದೆ, ಗಾಡಿಗೆ ಬ್ರೇಕ್ ಬೀಳುತ್ತದೆ. ನಿಮ್ಮ ‘ಸೆರಗು ಹಿಡಿದೆಳೆದಂತೆ’ ಇದೇ. ಎಂಸಿಬಿ ಆಫ್ ಮಾಡಿದಿರಿ, ಕಟ್ಟಿಹಾಕಲು ಯಾರೂ ಇಲ್ಲ. 38 ಕಿಮೀಗೆ 63 ವೋಲ್ಟ್ ದಾಟಿತು. 55ಕ್ಕೆ 92. ಕೆಪಾಸಿಟರ್ ಅಷ್ಟು ಹೊತ್ತು ತಡೆದಿದ್ದೇ ದೊಡ್ಡದು.

ಆನ್ ಇಟ್ಟು ಓಡಿಸೋಣ ಅಂತ ಹೊರಡಬೇಡಿ. 40ರಲ್ಲಿ ನೂರು ಆಂಪಿಯರ್ ದಾಟಬಹುದು, ಎಂಸಿಬಿ ತಾನೇ ಬೀಳುತ್ತದೆ, ಬಿದ್ದ ಮರುಕ್ಷಣ ಅದೇ ಪಟಾಕಿ. ಮನೆ ಬೋರ್ಡಿನ ಎಸಿ ಎಂಸಿಬಿ ಹಾಕಿದ್ದರೆ ಒಳಗಿನ ಕಿಡಿ ಆರದೆ ಅದೂ ಸುಡುತ್ತದೆ. ಡಿಸಿ ಅಂತ ಬರೆದಿರಬೇಕು.

ಹತ್ತು_ಹನ್ನೊಂದರ_ಪಾನಾ:

ನಕ್ಕು ಮುಗೀತು, ಈಗ ಕೇಳ್ತೀನಿ. ಇ-ರಿಕ್ಷಾ ಒಂದು ಮೀಟರ್ ಅಗಲದ ಗಾಡಿ. 800ರ ಹಿಂದಿನ ಟ್ರ್ಯಾಕೇ (ಎರಡು ಚಕ್ರಗಳ ನಡುವಿನ ಅಂತರ) 1.2 ಮೀಟರ್ ಇದೆ. ಆಕ್ಸಲ್ ಉದ್ದ ಮಾಡಿದ್ದು ಹೇಗೆ? ಹೌಸಿಂಗ್ ಪೈಪನ್ನು ಕೊಯ್ದು ಬೆಸೆದಿದ್ದರೆ ಒಂದು ಮಟ್ಟಿಗೆ ಒಪ್ಪಬಹುದು. ಒಳಗಿನ ಶಾಫ್ಟನ್ನೂ ಕೊಯ್ದು, ನಡುವೆ ತುಂಡು ಇಟ್ಟು ವೆಲ್ಡ್ ಹೊಡೆದಿದ್ದರೆ ಅದು ಮುರಿಯುತ್ತೆ. ಹದ ಕೊಟ್ಟ ಉಕ್ಕು ವೆಲ್ಡಿನ ಬಿಸಿಗೆ ಹದ ಕಳಕೊಂಡಿರುತ್ತೆ. ವೆಲ್ಡಿನಲ್ಲಲ್ಲ, ಅದರ ಪಕ್ಕದಲ್ಲಿ ಉಂಗುರದ ಹಾಗೆ ಬಿರುಕು ಬಿಡುತ್ತೆ. ಆ ಆಕ್ಸಲ್‌ಗಳಲ್ಲಿ ಚಕ್ರವನ್ನು ಹಿಡಿದಿರೋದೂ ಆ ಶಾಫ್ಟೇ. ಮುರಿದ ದಿನ ಚಕ್ರ ನಿಮಗಿಂತ ಮುಂಚೆ ಮನೆ ತಲುಪುತ್ತೆ.

ಎರಡೂ ಕಡೆ 12 ಇಂಚಿನ ರಿಮ್ಮು, ಹಾಗಾಗಿ ‘ಕೂರುತ್ತೆ ಗುರೂ’ ಅನ್ನಿಸುತ್ತೆ. ಕೂರಲ್ಲ. 800ರ ನಾಲ್ಕು ಬೋಲ್ಟಿನ ವೃತ್ತ 114.3 ಮಿಮೀ, ಇ-ರಿಕ್ಷಾ ಹಬ್ಬಿನದು ಬೇರೆ.

ಬ್ರೇಕು ಇನ್ನೂ ಮುಖ್ಯ. ಸುಮಾರು ಇ-ರಿಕ್ಷಾಗಳ ಹಿಂದಿನ ಡ್ರಮ್ಮಿಗೆ ರಾಡು, 800ಕ್ಕೆ ಹೈಡ್ರಾಲಿಕ್. ರಾಡಿಂದೇ ಇದ್ದು ಹಿಂದಿನ ಪೈಪಿನ ಬಾಯಿಗೆ ಬೋಲ್ಟ್ ಬಡಿದು ಮುಚ್ಚಿದ್ದರೆ, ಗಾಡಿ ಮುಂದಿನ ಎರಡು ಚಕ್ರದ ಬ್ರೇಕಿನಲ್ಲೇ ಓಡ್ತಿದೆ ಅಂತ ಅರ್ಥ, ಅದೂ ಡಿಕ್ಕಿಯಲ್ಲಿ 120 ಕಿಲೋ ಬ್ಯಾಟರಿ ಹೊತ್ತುಕೊಂಡು. ಎಂಜಿನ್ನಿನ ವ್ಯಾಕ್ಯೂಮಿನಿಂದ ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರ್ ಇರೋ ಮಾಡೆಲ್ ಆದರೆ ಎಂಜಿನ್ ಆಫ್ ಮಾಡಿದ ಮೇಲೆ ಎರಡು ಮೂರು ಸಲ ಒತ್ತೋದರೊಳಗೆ ವ್ಯಾಕ್ಯೂಮ್ ಖಾಲಿ, ಪೆಡಲ್ ಕಲ್ಲು. ಕರೆಂಟಿನಲ್ಲಿ ಓಡಿಸುವಾಗ ಕೀಲಿ ಪೂರ್ತಿ ತೆಗೆದರೆ ಸ್ಟೀರಿಂಗ್ ಲಾಕ್ ಬೀಳುತ್ತೆ, ಅದನ್ನೂ ಹೇಳಿಡಿ.

ಇನ್ನು ಶಕ್ತಿಯ ವಿಷಯ. ಸಾವಿರ ವ್ಯಾಟು, 3,000 ಸುತ್ತು ಅಂದರೆ 3.2 ನ್ಯೂಟನ್ ಮೀಟರ್. ಹತ್ತು ಪಟ್ಟು ಮಾಡಿ ಟೈರಿನ ತ್ರಿಜ್ಯದಿಂದ ಭಾಗಿಸಿದರೆ ನೆಲಕ್ಕೆ ಸಿಗೋದು 125 ನ್ಯೂಟನ್, ಹನ್ನೆರಡೂವರೆ ಕಿಲೋ ದಬ್ಬು. ಗಾಡಿ, ಬ್ಯಾಟರಿ, ಡ್ರೈವರ್ ಸೇರಿ 900 ಕಿಲೋ ಚಪ್ಪಟೆ ರಸ್ತೆಯಲ್ಲಿ ಉರುಳೋಕೇ 105 ನ್ಯೂಟನ್ ಬೇಕು. ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಇಬ್ಬರು ಇಳಿದು ತಳ್ಳಿದರೆ ಆ ಇಬ್ಬರೇ ಮೋಟರಿಗಿಂತ ಜಾಸ್ತಿ.

ಬಯಲುಸೀಮಿ_ಬುಲೆಟ್:

ಹಿಂದ ಕುಂತ ಬ್ಯಾಟರಿ ಭಾರಕ್ಕ ಮಕ ಮ್ಯಾಲ ಮಾಡಿರತೈತಿ ನೋಡ್ರಿ, ಹೆಡ್‌ಲೈಟು ರಸ್ತಾ ಬಿಟ್ಟು ಚುಕ್ಕಿ ತೋರಸ್ತಿರಬೇಕು.

ಖರ್ಚಿನ ಲೆಕ್ಕ ಯಾರೂ ಹಾಕಿಲ್ಲ, ನಾ ಹಾಕ್ತೀನಿ. ಗ್ವಾಡಿ ಪ್ಲಗ್ಗಿನಿಂದ ಕಿಲೋಮೀಟರಿಗೆ 65 ವ್ಯಾಟ್-ಅವರ್ ಅಂತ ಹಿಡೀರಿ, ಯೂನಿಟ್ಟಿಗೆ 7 ರೂಪಾಯಿ, ಅಂದ್ರ 45 ಪೈಸೆ. ಪೆಟ್ರೋಲ್ ಲೀಟರಿಗೆ 100, ಮೈಲೇಜು 17 ಹಿಡದ್ರ ಹತ್ತತ್ರ 6 ರೂಪಾಯಿ. ಖುಷಿ ಆತಲ್ಲ? ಈಗ ಬ್ಯಾಟರಿ ತರ್ರಿ. ಹತ್ತು ಸಾವಿರದ್ದು ನಾಕು, 40 ಸಾವಿರ. ಅರ್ಧಕ್ಕ ಇಳಿಸಿ ತುಂಬಿದ್ರ 300 ಸಲ ಬಾಳಿಕಿ, ಸಲಕ್ಕ 40 ಕಿಮೀ. 12 ಸಾವಿರ ಕಿಮೀಗೆ 40 ಸಾವಿರ ರೂಪಾಯಿ, ಕಿಲೋಮೀಟರಿಗೆ 3 ರೂಪಾಯಿ 33 ಪೈಸೆ. ಉಳಿಯೂದು 2 ರೂಪಾಯಿ ಚಿಲ್ಲರೆ. ಸುಟ್ಟ ಎರಡು ಕಂಟ್ರೋಲರಿಗೆ 6 ಸಾವಿರ ಅಂದ್ರೂ ಅದು ತೀರೂದಕ್ಕ 3,000 ಕಿಮೀ ಓಡಬೇಕು. 25ರ ಸ್ಪೀಡಿನ್ಯಾಗ.

ಅರ್ಧ_ಕ್ಲಚ್:

ಶಾಫ್ಟಿಗೆ ವೆಲ್ಡ್ ಹೊಡೆದಿದ್ದಾರೆ. ಬ್ರೇಕಿನ ಬಗ್ಗೆ ಏನೂ ಕೇಳಬೇಡಿ. ಆಕ್ಸಲ್ ಹೇಗೂ ಕೆಳಗಿಳಿಸುತ್ತೇವೆ. ಸರಿಯಾಗಿ ಮಾಡುವುದಾದರೆ ಮೋಟರನ್ನು ಬಿಡಿಸುವ ದಾರಿ ಯಾವುದು? ಮೋಟರಿನ ಫೇಸ್ ವೈರಿಗೆ ಕಾಂಟ್ಯಾಕ್ಟರ್ (ಕಾಯಿಲಿನಿಂದ ನಡೆಯುವ ಸ್ವಿಚ್ಚು) ಹಾಕಿದರೆ ಸಾಲದಾ?

ಮೂರನೇ_ಫೇಸ್:

ಕಾಂಟ್ಯಾಕ್ಟರ್ ಅರ್ಧ ಪರಿಹಾರ. ಮೂರರಲ್ಲಿ ಎರಡು ಫೇಸ್ ಕಡಿದರೂ ಕಂಟ್ರೋಲರ್ ಉಳಿಯುತ್ತದೆ. ಕಾಯಿಲಿಗೆ ಕರೆಂಟು ಬಂದಾಗ ಮಾತ್ರ ಕೂಡುವಂಥದ್ದು ಹಾಕಿ, ವೈರು ಬಿಟ್ಟುಹೋದರೂ ಫೇಸ್ ಕಡಿದೇ ಇರುತ್ತದೆ. ಪೆಡಲ್ ಬಿಟ್ಟ ಮೇಲೆಯೇ ತೆರೆಯಬೇಕು, ಕರೆಂಟು ಹರಿಯುವಾಗ ತೆರೆದರೆ ಪಾಯಿಂಟು ಸುಡುತ್ತದೆ. ಆದರೆ ಮೋಟರ್ ತಿರುಗುವುದು ನಿಲ್ಲಲಿಲ್ಲ ನೋಡಿ. 80ರಲ್ಲಿ 8,360 ಸುತ್ತು. ಸುತ್ತು ಎರಡು ಪಟ್ಟಾದರೆ ಮ್ಯಾಗ್ನೆಟ್ಟನ್ನು ಹೊರಗೆಸೆಯುವ ಬಲ ನಾಲ್ಕು ಪಟ್ಟು. ಅದನ್ನು ಹಿಡಿದ ಅಂಟು ಎಷ್ಟು ದಿನ ತಡೆದೀತು?

ಗೇರ್ ಅನುಪಾತ 4:1ಕ್ಕೆ ಇಳಿಸಿದರೆ 80ರಲ್ಲೂ 3,350 ಸುತ್ತು ಮಾತ್ರ, ಮೋಟರ್ ಕ್ಷೇಮ. ಆದರೆ ನೆಲಕ್ಕೆ ಸಿಗುವ ಬಲ 50 ನ್ಯೂಟನ್ನಿಗೆ ಬಿತ್ತು, ಉರುಳಲು ಬೇಕಾದ್ದು 105. ಇದೇ ಮೋಟರಿನಲ್ಲಿ ಆಗುವ ಮಾತಲ್ಲ.

ಉಳಿದದ್ದು ಮೋಟರಿಗೂ ಗೇರಿಗೂ ನಡುವೆ ಸೈಕಲ್ ಫ್ರೀವೀಲಿನಂಥ ಒನ್-ವೇ ಕ್ಲಚ್. ಪೆಟ್ರೋಲಿನಲ್ಲಿ ಓಡುವಾಗ ಮೋಟರ್ ನಿಂತೇ ಇರುತ್ತದೆ. ಇಳಿಜಾರಿನಲ್ಲಿ ಚಾರ್ಜ್ ಆಗುವ ಆಸೆ ಬಿಡಬೇಕು. ರಿವರ್ಸ್ ತೆಗೆಯುವಾಗ ಮಾತ್ರ ಕ್ಲಚ್ ಕಚ್ಚಿಕೊಂಡು ಮೋಟರೂ ಹಿಂದಕ್ಕೆ ತಿರುಗುತ್ತದೆ. ಆ ವೇಗಕ್ಕೆ ತೊಂದರೆಯಿಲ್ಲ, ಆಗ ಕರೆಂಟಿನ ಪೆಡಲ್ ಮುಟ್ಟದಿದ್ದರೆ ಸರಿ. ಕಷ್ಟ ಇರೋದು ಜಾಗದ್ದು. ಇ-ರಿಕ್ಷಾ ಮೋಟರಿನ ಹಲ್ಲು ನೇರ ಗೇರ್‌ಬಾಕ್ಸಿಗೆ ಕೂರುತ್ತದೆ, ನಡುವೆ ಸ್ಪೇಸರ್ ಕಟ್ಟಿ ಲೇತಿನಲ್ಲಿ ಒಂದೇ ಗೆರೆಗೆ ತರಬೇಕು.

2011ರ ಪ್ಯೂಜೋ 3008 ಹೈಬ್ರಿಡ್4 ಇದೇ ಜಾತಿ: ಮುಂದೆ ಡೀಸೆಲ್, ಹಿಂದೆ ಮೋಟರ್, ನಡುವೆ ರಸ್ತೆ ಬಿಟ್ಟರೆ ಸಂಬಂಧವಿಲ್ಲ. ಅಲ್ಲಿ ಹೆಚ್ಚು ವೇಗಕ್ಕೆ ಮೋಟರನ್ನು ಬಿಡಿಸಲು ಡಾಗ್ ಕ್ಲಚ್ (ಹಲ್ಲಿಗೆ ಹಲ್ಲು ಕಚ್ಚಿ ಕೂಡುವ, ಬಿಡುವ ಕ್ಲಚ್) ಇಟ್ಟಿದ್ದಾರೆ. ಮೋಟರ್ 27 ಕಿಲೋವ್ಯಾಟ್. ನಿಮ್ಮದು ಒಂದು.

ಗಂಜಿ_ಗೇರ್:

ಮಾರಾಯ್ರೆ, ಇದಕ್ಕಿಂತ ಬೆಂಗಳೂರಿನ ಹಳೇ ಎಲೆಕ್ಟ್ರಿಕ್ ಕಾರು ರೇವಾದ ತಲೆ ಮೇಲೆ ಪೆಟ್ರೋಲ್ ಜನರೇಟರ್ ಕಟ್ಟುವುದು ಸುಲಭ ಅಲ್ವಾ? ಅದೂ ಹೈಬ್ರಿಡ್ಡೇ. ಲೆಕ್ಕ ಬೇಕಾದರೆ: ಸಣ್ಣ ಜನರೇಟರ್ ಲೀಟರಿಗೆ ಹೆಚ್ಚೆಂದರೆ 2 ಯೂನಿಟ್. ಚಾರ್ಜರು, ಬ್ಯಾಟರಿ ತಿಂದು ಒಂದೂವರೆ ಉಳಿಯಿತು. ರೇವಾ 9.6 ಯೂನಿಟ್ಟಿನಲ್ಲಿ 80 ಕಿಮೀ ಹೋಗುತ್ತಿತ್ತು, ಅಂದರೆ ಲೀಟರಿಗೆ ಹನ್ನೆರಡೂವರೆ ಕಿಮೀ. ಮಾರುತಿಗಿಂತ ಕಡಿಮೆ ಮೈಲೇಜು, ಮೇಲಿಂದ ಸೈಲೆನ್ಸರ್ ಹೊಗೆ ಫ್ರೀ.

ತಮಾಷೆ ಬಿಡಿ. ರಸ್ತೆಗೆ ತಂದರೆ ಗಾಡಿ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹೈಬ್ರಿಡ್ ಕಿಟ್ಟಿಗೆ ಎಐಎಸ್-123 ಮಾನದಂಡದ ಪ್ರಕಾರ ಒಪ್ಪಿಗೆ ಇರಬೇಕು, ಮನೆಯಲ್ಲಿ ಬೆಸೆದದ್ದಕ್ಕೆ ಸಿಗುವುದಿಲ್ಲ. ಅದೇ ಕಾಯ್ದೆಯ 182ಎ(4) ಪ್ರಕಾರ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆಕ್ಸಲ್, ಮೋಟರ್, ಬ್ಯಾಟರಿ ಅಂತ ಎಣಿಸುತ್ತಾ ಕೂತರೆ ಗಾಡಿ ಬೆಲೆ ದಾಟುತ್ತದೆ. 15 ವರ್ಷ ಆದ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ಬಗ್ಗಿ ನೋಡಿದರೆ ಮುಗಿಯಿತು.

ಅರ್ಧ_ಕ್ಲಚ್:

ಹಳೇ ಆಕ್ಸಲ್ಲೇ ವಾಪಸ್ ಹೋಗುತ್ತಿದೆ. ಮೋಟರ್ ಮಾರುವ ಮೊದಲು ಚೆನ್ನಾಗಿದೆಯಾ ನೋಡಬೇಕಿತ್ತು. ಹಿಂದಿನ ಎರಡೂ ಚಕ್ರ ಎತ್ತಿ ಒಂದನ್ನು ತಿರುಗಿಸಿದರೆ ಏನೂ ಬಿಗಿ ಇಲ್ಲ, ಮೀಟರಿನಲ್ಲಿ ವೋಲ್ಟೇಜೂ ಇಲ್ಲ. ಹೋಯಿತಾ?

ಮೂರನೇ_ಫೇಸ್:

ಹೋಗಿಲ್ಲ, ಮೋಟರ್ ತಿರುಗಲೇ ಇಲ್ಲ. ಎರಡೂ ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್ ಒಳಗೆ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಒಂದನ್ನು ನೆಲಕ್ಕೆ ಬಿಟ್ಟು ಚಾಕ್ ಇಡಿ, ಇನ್ನೊಂದನ್ನು ತಿರುಗಿಸಿ. ಆಗ ಚಕ್ರದ ಒಂದು ಸುತ್ತಿಗೆ ಮೋಟರ್ ಐದು ಸುತ್ತು. ಮೂರು ಫೇಸ್ ವೈರು ಒಂದಕ್ಕೊಂದು ತಾಗದಂತೆ ಬಿಚ್ಚಿಟ್ಟಾಗ ಚಕ್ರ ಸಲೀಸು, ಮೂರನ್ನೂ ಒಟ್ಟಿಗೆ ತಿರುಚಿದಾಗ ಬಿಗಿ ಆಗಬೇಕು. ಬಿಚ್ಚಿಟ್ಟಾಗಲೂ ಕಟಕಟ ಅಂದರೆ ಮ್ಯಾಗ್ನೆಟ್ ಕಿತ್ತು ಎದ್ದಿರಬೇಕು.

ಅರ್ಧ_ಕ್ಲಚ್:

ಕಟಕಟ ಅಂತಿದೆ.

ಹತ್ತು_ಹನ್ನೊಂದರ_ಪಾನಾ:

ತೂಕಕ್ಕೆ ಹಾಕುವಾಗ ತಾಮ್ರ ಬೇರೆ ಮಾಡಿ ಕೊಡಿ, ಕಬ್ಬಿಣದ ಜೊತೆ ಸೇರಿಸಿದರೆ ಗುಜರಿಯವನಿಗೆ ಲಾಭ.