ಬರ್ಕ್ಲಿಲಿ ಬ್ಲ್ಯಾಕ್ ಸ್ಟೂಡೆಂಟ್ಸ್‌ಗೆ ಏನೇನ್ ಸಪೋರ್ಟ್ ಇದೆ?

ಟಿಎ_ಹುಡುಗಿ: ಕ್ಯಾಲಿಫೋರ್ನಿಯಾದ ಯುಸಿ ಬರ್ಕ್ಲಿ ಯೂನಿವರ್ಸಿಟಿಲಿ ನಾನು ಪಾಠ ಹೇಳ್ಕೊಡೋ ಸೆಕ್ಷನ್ನಲ್ಲಿ ಫಸ್ಟ್ ಇಯರ್ ಬ್ಲ್ಯಾಕ್ ಹುಡುಗಿ ಇದಾಳೆ, ತುಂಬ ಚುರುಕು, ಆದ್ರೆ ಇಡೀ ಕ್ಲಾಸಿಗೆ ಅವಳೊಬ್ಳೇ, ಗ್ರೂಪ್ ಮಾಡ್ಕೊಳ್ಳಿ ಅಂದಾಗೆಲ್ಲ ಕೊನೇಗೆ ಉಳಿಯೋದೂ ಅವಳೇ, ನೋಡಿದ್ರೆ ಹೊಟ್ಟೆ ಉರಿಯತ್ತೆ. ಎಲ್ಲಿಗೆ ಹೋಗು ಅಂತ ಹೇಳ್ಲಿ?

ಓಕ್ಲ್ಯಾಂಡ್_ರಾವ್: ಕ್ಯಾಂಪಸ್ಸಲ್ಲೇ ಫ್ಯಾನಿ ಲೂ ಹೇಮರ್ ಬ್ಲ್ಯಾಕ್ ರಿಸೋರ್ಸ್ ಸೆಂಟರ್ ಇದೆ, 2017ರಲ್ಲಿ ಓಪನ್ ಆಗಿದ್ದು, ಯಾರೋ ದಯೆಯಿಂದ ಕೊಟ್ಟಿದ್ದಲ್ಲ, ಅಲ್ಲಿನ ಬ್ಲ್ಯಾಕ್ ಸ್ಟೂಡೆಂಟ್ಸೇ ಪಟ್ಟು ಹಿಡಿದು ಕೇಳಿ ಪಡ್ಕೊಂಡಿದ್ದು. ಮಿಸಿಸಿಪ್ಪಿ ರಾಜ್ಯದಲ್ಲಿ ಬ್ಲ್ಯಾಕ್ ಜನರ ವೋಟಿನ ಹಕ್ಕಿಗೋಸ್ಕರ ಹೋರಾಡಿ ಜೈಲಲ್ಲಿ ಏಟು ತಿಂದ ಹೆಣ್ಮಗಳ ಹೆಸರದು. ಹಾಸ್ಟೆಲ್ಲಿಗೆ ಆಫ್ರಿಕನ್ ಅಮೆರಿಕನ್ ಥೀಮ್ ಪ್ರೋಗ್ರಾಂ ಕೂಡ ಇದೆ, ಅಂದ್ರೆ ಬ್ಲ್ಯಾಕ್ ಸಂಸ್ಕೃತಿಲಿ ಆಸಕ್ತಿ ಇರೋರು ಒಟ್ಟಿಗೆ ಉಳ್ಕೊಳ್ಳೋ ವ್ಯವಸ್ಥೆ, ವಿಚಾರಿಸೋಕೆ ಹೇಳಿ.

ಮಂಜು_ಬೇಏರಿಯಾ: ಕ್ಯಾಂಪಸ್ ಹೊರಗೆ ಅಂದ್ರೆ ಓಕ್ಲ್ಯಾಂಡ್ ಡೌನ್‌ಟೌನಲ್ಲಿ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಅಂಡ್ ಲೈಬ್ರರಿ, ಎಂಟ್ರಿ ಫ್ರೀ, ಬಾರ್ಟ್ ಟ್ರೈನ್ ಹತ್ತಿದ್ರೆ ಆಯ್ತು. ಮನಸ್ಸಿಗೆ ತೀರಾ ಕಷ್ಟ ಅನ್ಸಿದ್ರೆ ಅಮೆರಿಕದ ಮಾನಸಿಕ ಸಂಕಟದ ಹೆಲ್ಪ್‌ಲೈನ್ 988ಗೆ ಕಾಲೋ ಮೆಸೇಜೋ ಮಾಡ್ಬಹುದು, ದಿನದ 24 ಗಂಟೆನೂ ಇರತ್ತೆ.

ಸುಮಾ_ಹಾಸನ: ಸೆಂಟರ್ ಎಲ್ಲಾ ಸರಿ ಕಣಮ್ಮ, ಆದ್ರೆ ಮುಂದಿನ ಕ್ಲಾಸಿಂದ ಗ್ರೂಪ್ ನೀನೇ ಮಾಡಿ ಹಾಕು, ಆರಿಸ್ಕೊಳ್ಳೋಕೆ ಅವರಿಗೆ ಬಿಡ್ಲೇಬೇಡ. ಮತ್ತೆ ಈ ವಿಷ್ಯ ಎಲ್ಲರ ಮುಂದೆ ಹೇಳ್ಬೇಡ, ಆಫೀಸ್ ಅವರ್ಸಲ್ಲಿ ಒಬ್ಳೇ ಬಂದಾಗ ಕೇಳು.